ಗೋಡೆಯ ಕಂಡಿಯೂ ಬೆಂಕಿತಡೆಯೂ

ಎರಡು ಗಂಟೆಗಳ ಕಾಲ ಬೆಂಕಿಯನ್ನು ತಡೆಯಬಲ್ಲ ಗೋಡೆಯೊಂದನ್ನು ಕಟ್ಟಿ, ಮರುದಿನ ಅದರಲ್ಲಿ ವಿದ್ಯುತ್ ತಂತಿಗಳಿಗಾಗಿ ಕಂಡಿ ಕೊರೆದರೆ, ಆ ಗೋಡೆ ಎಷ್ಟು ಹೊತ್ತು ಬೆಂಕಿಯನ್ನು ತಡೆದೀತು? ಕಂಡಿಯನ್ನು ಮುಚ್ಚಿದ ವಸ್ತು ತಡೆದಷ್ಟು ಹೊತ್ತು ಮಾತ್ರ. ಇಂಥ ಮುಚ್ಚಿಗೆಯನ್ನು ಕಟ್ಟಡದವರು ಫೈರ್‌ಸ್ಟಾಪ್ ಎನ್ನುವರು. ನಾವು ಇಲ್ಲಿ ಬೆಂಕಿತಡೆ ಎಂದು ಕರೆಯೋಣ.

ಬೆಂಕಿತಡೆಯ ಯೋಗ್ಯತೆಯನ್ನು ಕುಲುಮೆಯಲ್ಲಿ ಪರೀಕ್ಷಿಸುವುದುಂಟು. ಅಂತರರಾಷ್ಟ್ರೀಯ ಪ್ರಮಾಣದಂತೆ ಕುಲುಮೆಯ ಉಷ್ಣತೆ ಅರ್ಧ ಗಂಟೆಗೆ ಸುಮಾರು 840 ಡಿಗ್ರಿ ಸೆಂಟಿಗ್ರೇಡ್, ಒಂದು ಗಂಟೆಗೆ 945, ಎರಡು ಗಂಟೆಗೆ 1050 ಡಿಗ್ರಿ ಮುಟ್ಟುವುದು. ಆಚೆಯ ಬದಿಗೆ ಜ್ವಾಲೆ ದಾಟಬಾರದು; ಶಾಖನಿರೋಧದ ದರ್ಜೆಯೂ ಬೇಕೆಂದರೆ, ಆಚೆಯ ಬದಿಯ ಉಷ್ಣತೆ ಮೊದಲಿದ್ದುದಕ್ಕಿಂತ 180 ಡಿಗ್ರಿಗೂ ಹೆಚ್ಚಾಗಿ ಏರಬಾರದು. ಇಲ್ಲಿ ತೇರ್ಗಡೆಯಾಗುವುದು ಡಬ್ಬಿಯೊಳಗಿನ ಲೇಪವಲ್ಲ. ಆ ಗೋಡೆ, ಆ ಕಂಡಿ, ಅದರೊಳಗಿನ ಕೊಳವೆ, ಸುತ್ತಲಿನ ಸಂದು, ಲೇಪದ ದಪ್ಪ, ಇವೆಲ್ಲ ಕೂಡಿದ ಏರ್ಪಾಡು. ಪಿ.ವಿ.ಸಿ. ಕೊಳವೆಯು ಕಾವಿಗೆ ಮೆತ್ತಗಾಗಿ ಕುಸಿದು, ತಾನಿದ್ದ ಜಾಗವನ್ನೇ ಬೆಂಕಿಗೆ ಬಿಟ್ಟುಕೊಡುತ್ತದೆ. ಅದಕ್ಕೆ, ಕಾದಾಗ ಉಬ್ಬಿ ಕೊಳವೆಯನ್ನು ಹಿಸುಕಿ ಮುಚ್ಚುವ ಪಟ್ಟಿ ಬೇಕು. ತಾಮ್ರದ ಕೊಳವೆ ಹಾಗೆ ಕುಸಿಯದು. ಆದರೆ ತನ್ನ ಮೈಯ ಮೂಲಕವೇ ಶಾಖವನ್ನು ಆಚೆಗೆ ಸಾಗಿಸುವುದು. ಅದಕ್ಕೆ ಬೇಕಾದುದು ಶಾಖನಿರೋಧಕ ಹೊದಿಕೆ. ಒಂದರ ಮದ್ದು ಇನ್ನೊಂದಕ್ಕೆ ನಾಟದು.

ಕಟ್ಟಡದ ಕೆಲಸವಾದರೋ ಪರೀಕ್ಷಾವರದಿಯನ್ನು ಓದಿಕೊಂಡು ನಡೆಯುವುದಿಲ್ಲ. ಸುಣ್ಣದ ಗಾರೆಯ ಹಳೆಯ ಕಲ್ಲುಗೋಡೆ, ಓರೆಯಾಗಿ ಹೊಕ್ಕ ಕೊಳವೆ, ಬೇಕಾದುದಕ್ಕಿಂತ ಮೂರು ಪಟ್ಟು ಒಡೆದ ಕಂಡಿ: ಇವುಗಳಿಗೆ ಹೊಂದುವ ವರದಿ ಸಿಗುವುದು ಅಪರೂಪ. ಆಗ ಆ ಸ್ಥಳಕ್ಕೆಂದೇ ಒಂದು ಏರ್ಪಾಡನ್ನು ಹೊಸದಾಗಿ ಯೋಜಿಸಬೇಕಾಗುವುದು. ಪ್ರತಿಯೊಂದು ವಕ್ರ ಕಂಡಿಯನ್ನೂ ಕುಲುಮೆಗೆ ಒಯ್ಯಲಾದೀತೆ ಎಂದು ಎಂಜಿನಿಯರರು ಕೇಳಿದರೆ, ಆ ಪ್ರಶ್ನೆ ನ್ಯಾಯವಾದುದೇ. ಊಹೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಭೌತವಿಜ್ಞಾನದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿಯೇ ಕಲಿಯುವ ಒಂದು ಭೇದವುಂಟು. ಎರಡು ಅಳತೆಗಳ ನಡುವೆ ಊಹಿಸುವುದು ಬೇರೆ. ಅಳತೆಗಳ ಆಚೆಗೆ ಊಹಿಸುವುದು ಬೇರೆ. ಸಂದು 10 ಮಿಲಿಮೀಟರ್ ಇದ್ದಾಗಲೂ 25 ಮಿಲಿಮೀಟರ್ ಇದ್ದಾಗಲೂ ಒಂದೇ ಏರ್ಪಾಡು ಗೆದ್ದಿದ್ದರೆ, ಉಳಿದುದೆಲ್ಲ ಹಾಗೆಯೇ ಇರುವಲ್ಲಿ, 15 ಮಿಲಿಮೀಟರಿಗೂ ಅದು ಸಾಕೆನ್ನಬಹುದು. 80 ಮಿಲಿಮೀಟರಿಗೆ ಹಾಗೆನ್ನುವುದು ಬರಿಯ ಆಸೆ. ಒಂದು ವರದಿಯ ಗೋಡೆಗೆ ಇನ್ನೊಂದು ವರದಿಯ ಪಟ್ಟಿಯನ್ನು ಜೋಡಿಸಿ ಎರಡೂ ಗೆದ್ದವೇ ಎಂದು ವಾದಿಸುವುದೂ ಆಸೆಯ ಜಾತಿಯದೇ.

ಸ್ಥಳದಲ್ಲಿ ಕೈಗೆ ಸಿಕ್ಕಿದ್ದನ್ನು ತುರುಕಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಅಲಬಾಮಾ ಸಂಸ್ಥಾನದ ಬ್ರೌನ್ಸ್ ಫೆರಿ ಪರಮಾಣು ವಿದ್ಯುತ್ ಸ್ಥಾವರವು ಸಾಕ್ಷಿ. ಅಲ್ಲಿ ರಿಯಾಕ್ಟರಿನ ಕಟ್ಟಡದೊಳಗಣ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ತುಸು ಕಡಮೆಯಾಗಿ ಇರಿಸುತ್ತಿದ್ದರು. ಕೇಬಲುಗಳು ಗೋಡೆ ದಾಟುವ ಕಂಡಿಗಳಲ್ಲಿ ಗಾಳಿ ಸೋರಬಾರದು. 1975ರ ಮಾರ್ಚ್ 22ರಂದು ಅಂಥದೊಂದು ಕಂಡಿಗೆ ಮೆತ್ತನೆಯ ಪಾಲಿಯುರೆಥೇನ್ ಫೋಮಿನ ತುಂಡನ್ನು ತುರುಕಿ, ಸೋರಿಕೆ ನಿಂತಿತೆ ಎಂದು ನೋಡಲು ಮೇಣದ ಬತ್ತಿ ಹಿಡಿದರು. (ಕಿಟಕಿಯ ಸಂದುಗಳನ್ನು ನಾವೂ ಹೀಗೆಯೇ ಪರೀಕ್ಷಿಸಿದ್ದೇವೆ, ಉಪಾಯವೇನೋ ಸೊಗಸಾದುದೇ!) ಸೋರಿಕೆ ನಿಂತಿರಲಿಲ್ಲ. ಯಾವ ಸೆಳೆತವನ್ನು ಪತ್ತೆಹಚ್ಚಬೇಕಾಗಿತ್ತೋ ಅದೇ ಸೆಳೆತ ಜ್ವಾಲೆಯನ್ನು ಒಳಕ್ಕೆ ಎಳೆದುಕೊಂಡಿತು. ಫೋಮ್ ಹೊತ್ತಿ, ಬೆಂಕಿ ಗೋಡೆಯ ಆಚೆಗೆ ಹಬ್ಬಿ, ಏಳು ಗಂಟೆಗೂ ಮೀರಿ ಉರಿಯಿತು. 1600ಕ್ಕೂ ಹೆಚ್ಚು ಕೇಬಲುಗಳು ಹಾಳಾದವು. ಮೊದಲನೆಯ ರಿಯಾಕ್ಟರಿಗೆ ತುರ್ತಿನಲ್ಲಿ ನೀರೂಡಿಸುವ ವ್ಯವಸ್ಥೆ ನಿಂತುಹೋಯಿತು.

ನಮ್ಮಲ್ಲಿಯೂ ಉದಾಹರಣೆಗೆ ಕೊರತೆಯಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ಕೇಬಲುಗಳ ನಾಳದಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮೇಲಣ ಅಂತಸ್ತುಗಳನ್ನು ತುಂಬಿ, 9 ಮಂದಿ ಪ್ರಾಣ ಕಳೆದುಕೊಂಡರು. ಬಿಸಿ ಹೊಗೆ ಹಗುರ. ನೆಟ್ಟಗಿನ ನಾಳವೊಂದು ಸಿಕ್ಕರೆ ಅದು ಹೊಗೆಗೊಳವೆಯೇ ಆಗುವುದು.

ಆದಕಾರಣ ನಮ್ಮ ಕೋರಿಕೆ ಇಷ್ಟು. ವರದಿಗೆ ಹೊಂದದ ಪ್ರತಿಯೊಂದು ಕಂಡಿಗೂ ಒಂದು ನಕ್ಷೆಯಿರಲಿ. ಅದಕ್ಕೆ ಅತಿ ಸಮೀಪವಾದ ಪರೀಕ್ಷೆ ಯಾವುದು, ಎಲ್ಲೆಲ್ಲಿ ಅದರಿಂದ ದೂರ ಸರಿದಿದೆ, ಸಾಕೆಂದು ನಿರ್ಣಯಿಸಿದವರು ಯಾರು ಎಂಬುದು ಸಹಿಯೊಡನೆ ಅದರಲ್ಲಿರಲಿ. ಗೋಡೆಗೆ ಗಿಲಾವು ಬೀಳುವ ಮೊದಲೇ ಅದು ಸಿದ್ಧವಾಗಲಿ. ಅದರ ಪ್ರತಿಯೊಂದನ್ನು ಕಚೇರಿಯ ಕಡತದಲ್ಲಿ ಹೂಳದೆ ಕಂಡಿಯ ಪಕ್ಕದಲ್ಲಿಯೇ ಅಂಟಿಸಲಿ. ನಾಲ್ಕಾರು ವರ್ಷಗಳ ಅನಂತರ ಮತ್ತೊಂದು ಕೇಬಲನ್ನು ಎಳೆಯಲು ಏಣಿ ಹತ್ತುವ ಕೆಲಸಗಾರನು ನೋಡುವುದು ಕಡತವನ್ನಲ್ಲ, ಆ ಗೋಡೆಯನ್ನು.