ಹೊರಗಿನ ಬೋರ್ಡ್ ನೋಡಿದಿರಿ, ಒಳಗಿನ ಗೋಡೆ ನೋಡಿದಿರಾ?

ಗೆಳೆಯರೇ, ನಿಮಗೊಂದು ಪ್ರಶ್ನೆ. ಎಂ.ಎಸ್. ಗುರುಪಾದಸ್ವಾಮಿ ಯಾರು?

ಗೊತ್ತಿಲ್ಲ ತಾನೆ? ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿ, ತಿರುಮಕೂಡಲು ನರಸೀಪುರದ ಸರ್ಕಲ್ಲಿನಲ್ಲಿ ಕೇಳಿ. ತಲೆ ಕೆರೆದುಕೊಳ್ಳುವವರೇ ಹೆಚ್ಚು. ಸಿನಿಮಾ ನಟನ ಮೊದಲ ಚಿತ್ರ ಯಾವುದು ಅಂದರೆ ಥಟ್ ಅಂತ ಹೇಳುವ ನಾವು, ದೆಹಲಿಯಲ್ಲಿ ನಮ್ಮ ಪರವಾಗಿ ಕೂತವರ ಕೆಲಸ ಕೇಳಿದರೆ ಬಾಯಿ ಬಿಡುತ್ತೇವೆ.

ಕೇಳಿ ಹಾಗಾದರೆ. 1952ರ ಮೊದಲ ಲೋಕಸಭಾ ಚುನಾವಣೆ. ಆಗಿನ್ನೂ ಚಾಮರಾಜನಗರ ಕ್ಷೇತ್ರ ಹುಟ್ಟಿರಲಿಲ್ಲ. ಮೈಸೂರು ಕ್ಷೇತ್ರದಿಂದ ಇಬ್ಬರು ಗೆದ್ದರು. ಒಬ್ಬರು ಕಾಂಗ್ರೆಸ್ಸಿನ ಎನ್. ರಾಚಯ್ಯ. ಇನ್ನೊಬ್ಬರು ಕಾಂಗ್ರೆಸ್ಸಿಗೆ ಎದುರು ನಿಂತ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಗುರುಪಾದಸ್ವಾಮಿ. ಮುಂದೆ ರಾಜ್ಯಸಭೆಗೆ ಹೋದರು, 1971ರಲ್ಲಿ ಅಲ್ಲಿ ವಿರೋಧ ಪಕ್ಷದ ನಾಯಕರಾದರು, 1989ರಲ್ಲಿ ವಿ.ಪಿ. ಸಿಂಗ್ ಸಂಪುಟದಲ್ಲಿ ಪೆಟ್ರೋಲಿಯಂ ಮಂತ್ರಿಯಾದರು. ಕುರ್ಚಿಗಳ ಪಟ್ಟಿ ಬಿಡಿ, ಕುರ್ಚಿ ಯಾರಿಗೂ ಸಿಗುತ್ತದೆ. ನಾನು ಹೇಳುವುದು 1979ರ ಮಾತು. ಆ ವರ್ಷ ಕೇಂದ್ರ ಸರ್ಕಾರ ಬಾಲ ಕಾರ್ಮಿಕರ ಸ್ಥಿತಿ ನೋಡಲು ಒಂದು ಸಮಿತಿ ಮಾಡಿತು. ಅದರ ಹೆಸರೇ ಗುರುಪಾದಸ್ವಾಮಿ ಸಮಿತಿ. ದೇಶದ ಕಾನೂನು ಪುಸ್ತಕಗಳಲ್ಲಿ ಇವತ್ತಿಗೂ ಆ ಹೆಸರಿದೆ. ನಮ್ಮ ಬಾಯಲ್ಲಿ ಮಾತ್ರ ಇಲ್ಲ!

ಸಮಿತಿ ಹೇಳಿದ್ದೇನು?

ಬಡತನ ಇರುವತನಕ ಮಕ್ಕಳ ದುಡಿಮೆಯನ್ನು ಪೂರ್ತಿ ನಿಲ್ಲಿಸುವುದು ಕಷ್ಟ; ಅಪಾಯದ ಕೆಲಸಗಳಲ್ಲಿ ನಿಷೇಧಿಸಿ, ಉಳಿದ ಕಡೆ ನಿಯಂತ್ರಿಸಿ ಎಂದಿತು. ಅದೇ ದಾರಿಯಲ್ಲಿ 1986ರಲ್ಲಿ ಬಾಲ ಕಾರ್ಮಿಕ (ನಿಷೇಧ ಮತ್ತು ನಿಯಂತ್ರಣ) ಕಾಯ್ದೆ ಬಂತು.

ನಮ್ಮವರು ಎಂದು ಹಾರ ಹಾಕಿ ಸುಮ್ಮನಾಗುವವನು ನಾನಲ್ಲ. 'ನಿಯಂತ್ರಣ' ಎಂಬ ಆ ಒಂದು ಪದದ ಸಂದಿಯಲ್ಲಿ ಎಷ್ಟು ಹೋಟೆಲುಗಳು, ಎಷ್ಟು ಗ್ಯಾರೇಜುಗಳು ನುಸುಳಿಕೊಂಡವು! ಹೋಟೆಲ್, ಢಾಬಾ, ಮನೆಗೆಲಸಗಳು ನಿಷೇಧದ ಪಟ್ಟಿಗೆ ಸೇರಿದ್ದೇ 2006ರಲ್ಲಿ. 14 ವರ್ಷದ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂಬ ತಿದ್ದುಪಡಿ ಬಂದದ್ದು 2016ರಲ್ಲಿ. ಮೂವತ್ತು ವರ್ಷ ಹೋಯಿತು. ಆಗಲೂ ಒಂದು ಕಿಂಡಿ ಬಿಟ್ಟರು: ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮಗು ಮನೆಯವರ ಉದ್ಯಮದಲ್ಲಿ ಕೈಜೋಡಿಸಬಹುದಂತೆ. ಟೀ ಲೋಟ ತೊಳೆಯುವ ಹುಡುಗ ಯಾರಪ್ಪಾ ಅಂದರೆ "ನಮ್ಮ ಅಕ್ಕನ ಮಗ ಸಾರ್" ಎನ್ನುವ ಉತ್ತರ ಸಿದ್ಧವಾಗಿರುತ್ತದೆ.

ಕನ್ನಡ ಎಲ್ಲಿ ಬಂತು?

ಇದರಲ್ಲಿ ಕನ್ನಡ ಎಲ್ಲಿ ಬಂತು ಅಂತೀರಾ? ಇಲ್ಲೇ ಇದೆ ನೋಡಿ. ಅದೇ ಕಾಯ್ದೆಯ 12ನೇ ಕಲಮು ತೆಗೆಯಿರಿ. ಪ್ರತಿ ರೈಲ್ವೆ ಸ್ಟೇಷನ್ನಿನಲ್ಲಿ, ಕೆಲಸದ ಜಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ, ನಿಷೇಧ ಮತ್ತು ಶಿಕ್ಷೆಯ ಸಾರವನ್ನು ನೋಟೀಸು ಹಾಕಬೇಕು. ಯಾವ ಭಾಷೆಯಲ್ಲಿ? ಸ್ಥಳೀಯ ಭಾಷೆಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಹಿಂದಿ ಎಂದಿಲ್ಲ ಸ್ವಾಮಿ, ಸ್ಥಳೀಯ ಭಾಷೆ ಎಂದಿದೆ. ನಮ್ಮಲ್ಲಿ ಅದು ಕನ್ನಡ. ನಾವು ಬೇಡಿ ಪಡೆಯುವ ಭಿಕ್ಷೆಯಲ್ಲ, ಸಂಸತ್ತು ಬರೆದುಕೊಟ್ಟ ಹಕ್ಕು.

ನಾನು ಪ್ರೆಸ್ಸಿನವನು. ಶಾಸಕರ ಹುಟ್ಟುಹಬ್ಬದ ಪೋಸ್ಟರ್ ಅಚ್ಚು ಮಾಡಿದ್ದೇನೆ, ಸಂಸದರ ಅಭಿನಂದನೆಯ ಕರಪತ್ರ ಅಚ್ಚು ಮಾಡಿದ್ದೇನೆ, ಅಂಗಡಿ ಓಪನಿಂಗಿನ ಕಾರ್ಡು ಲೆಕ್ಕವಿಲ್ಲದಷ್ಟು ಮಾಡಿದ್ದೇನೆ. ಈ ನೋಟೀಸು ಮಾಡಿಕೊಡಿ ಎಂದು ಒಬ್ಬ ಮಾಲೀಕನೂ ನನ್ನ ಬಾಗಿಲಿಗೆ ಬಂದಿಲ್ಲ. ಒಂದು ಮದುವೆ ಕಾರ್ಡಿನ ಆರ್ಡರಿನಷ್ಟೂ ಖರ್ಚಾಗದ ಹಾಳೆ ಅದು. ಹಣದ ತೊಂದರೆಯಲ್ಲ, ಕೇಳುವವರಿಲ್ಲ.

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಮ್ಮ ಹುಡುಗರು ಬೋರ್ಡುಗಳಿಗಾಗಿ ಬೀದಿಗಿಳಿದರು, ಜೈಲಿಗೂ ಹೋದರು. 2024ರಲ್ಲಿ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂಬ ತಿದ್ದುಪಡಿ ಕಾಯ್ದೆಯಾಯಿತು. ಒಳ್ಳೆಯದೇ, ಅದು ಹೋರಾಟದ ಫಲ. ಆದರೆ ಹೊರಗಿನ ಬೋರ್ಡು ಯಾರಿಗೆ? ದುಡ್ಡಿರುವ ಗಿರಾಕಿಗೆ. ಒಳಗಿನ ನೋಟೀಸು ಯಾರಿಗೆ? ದುಡಿಯುವವನಿಗೆ, ಅವನ ಮಗುವಿಗೆ. ಗಿರಾಕಿಗೆ ಕನ್ನಡ ಬೇಕು, ಕೂಲಿಯವನಿಗೆ ಬೇಡವೇ? ಅದು ಯಾವ ಸೀಮೆಯ ಕನ್ನಡಾಭಿಮಾನ?

ದೆಹಲಿಯಲ್ಲಿ ಯಾವ ನಾಲಿಗೆ?

ಸಂವಿಧಾನದ 120ನೇ ವಿಧಿ ಸಂಸತ್ತಿನ ಕಲಾಪ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಎನ್ನುತ್ತದೆ. ಆ ಎರಡೂ ಸರಿಯಾಗಿ ಬಾರದವನಿಗೆ ಸಭಾಧ್ಯಕ್ಷರ ಅನುಮತಿ ಮೇರೆಗೆ ಮಾತೃಭಾಷೆ. ಅಂದರೆ ಕನ್ನಡ ಹಕ್ಕಲ್ಲ, ವಿನಾಯಿತಿ! 1967ರಲ್ಲಿ ಶಿವಮೊಗ್ಗದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲೇ ಮಾತಾಡಿ ಆ ಬಾಗಿಲು ಒದ್ದು ತೆರೆದರು. ಇವತ್ತು ಅಲ್ಲಿ ಕನ್ನಡಕ್ಕೆ ಭಾಷಾಂತರದ ಏರ್ಪಾಡೂ ಇದೆ. ಬಾಗಿಲು ತೆರೆದಿದೆ, ಒಳಗೆ ಹೋದವರ ಬಾಯಿ ತೆರೆಯಬೇಕಷ್ಟೆ.

ಇನ್ನೊಂದು ಕಾನೂನು ತಿಳಿದಿರಲಿ. 1973ರಲ್ಲಿ ಬಂದ ಅಧಿಕೃತ ಪಠ್ಯಗಳ ಕಾಯ್ದೆ. ಕೇಂದ್ರದ ಕಾಯ್ದೆಗಳ ಪ್ರಾದೇಶಿಕ ಭಾಷೆಯ ಅನುವಾದವನ್ನು ರಾಷ್ಟ್ರಪತಿಯ ಅಧಿಕಾರದಡಿ ಗೆಜೆಟ್ಟಿನಲ್ಲಿ ಪ್ರಕಟಿಸಿದರೆ ಅದು ಅಧಿಕೃತ ಪಠ್ಯವೇ. ದಾರಿ ಇದೆ. ಕಾನೂನು ನಮ್ಮನ್ನು ಜೈಲಿಗೆ ಹಾಕುವಾಗ ಭಾಷೆ ಕೇಳುವುದಿಲ್ಲ. ನಮ್ಮನ್ನು ಕಾಪಾಡುವಾಗ ಮಾತ್ರ ಇಂಗ್ಲಿಷ್ ಬರಬೇಕೆ?

ಮಾಡಬೇಕಾದ್ದು

ಈ ವಾರ ಇಷ್ಟು ಮಾಡಿ. ನಂಜನಗೂಡು ಟೌನ್ ರೈಲ್ವೆ ಸ್ಟೇಷನ್ನಿಗೆ ಹೋಗಿ ಕನ್ನಡದ ನೋಟೀಸು ಹುಡುಕಿ. ಕೈಗಾರಿಕಾ ಪ್ರದೇಶದ ಗೇಟುಗಳಲ್ಲಿ ಹುಡುಕಿ. ನರಸೀಪುರ, ಬನ್ನೂರಿನ ಹೋಟೆಲ್, ಗ್ಯಾರೇಜುಗಳಲ್ಲಿ ಹುಡುಕಿ. ಇಲ್ಲದಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ಬರಹದಲ್ಲಿ ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ. ದುಡಿಯುವ ಮಗು ಕಂಡರೆ 1098ಕ್ಕೆ ಫೋನ್ ಮಾಡಿ. 16ನೇ ಕಲಮಿನ ಪ್ರಕಾರ ಯಾರು ಬೇಕಾದರೂ ದೂರು ಕೊಡಬಹುದು. ಮಗುವನ್ನು ಕೆಲಸಕ್ಕಿಟ್ಟವನಿಗೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20 ಸಾವಿರದಿಂದ 50 ಸಾವಿರ ದಂಡ, ಅಥವಾ ಎರಡೂ. ದೂರು ಕೊಡುವುದಕ್ಕೆ ಮಸಿ ಬೇಡ, ಕಲ್ಲು ಬೇಡ, ಒಂದು ಪೆನ್ನು ಸಾಕು.

ಎರಡೂ ತಾಲೂಕು ಇಂದು ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿವೆ. ಮುಂದಿನ ಸಲ ನಿಮ್ಮ ಸಂಸದರು ಊರಿಗೆ ಬಂದಾಗ ಹಾರ ಹಿಡಿದು ಸಾಲಾಗಿ ನಿಲ್ಲುವ ಮುಂಚೆ ಎರಡೇ ಪ್ರಶ್ನೆ ಕೇಳಿ: ಈ ಅಧಿವೇಶನದಲ್ಲಿ ಯಾವ ಕಾನೂನಿನ ಬಗ್ಗೆ ಮಾತಾಡಿದಿರಿ? ಯಾವ ಭಾಷೆಯಲ್ಲಿ ಮಾತಾಡಿದಿರಿ?

ಉತ್ತರ ಬಂದರೆ ಹಾರ ಹಾಕಿ. ಬಾರದಿದ್ದರೆ ಹಾರ ಮನೆಗೆ ತಂದು ದೇವರ ಪಟಕ್ಕೆ ಹಾಕಿ!