ಮುಂದಿನವರ ಹಿಂದೆ ನಿಂತವರು

ಕದರಮಂಡಲಗಿ ಎಂದೊಡನೆ ನೆನಪಾಗುವುದು ಕಾಂತೇಶ. ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಕದರಮಂಡಲಗಿಯ ಕಾಂತೇಶ, ಈ ಮೂವರು ಹನುಮರ ದರ್ಶನವನ್ನು ಒಂದೇ ದಿನ ಮಾಡಿದರೆ ಕಾಶಿಗೆ ಹೋದಷ್ಟು ಪುಣ್ಯ ಎಂದು ನಂಬಿದವರು ಈ ಸೀಮೆಯಲ್ಲಿ ಬಹಳ. ಹೊಲದಲ್ಲಿ ಬ್ಯಾಡಗಿ ಮೆಣಸಿನಕಾಯಿ ಕೆಂಪಾಗುವ ಹೊತ್ತಿಗೆ ಇಲ್ಲಿಯ ಮತ್ತು ಸುತ್ತಲಿನ ಊರುಗಳ ಶಾಲೆಗಳಲ್ಲಿ ಇನ್ನೊಂದು ಸಡಗರ ಶುರುವಾಗುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಅದು ‘ವಾರ್ಷಿಕ ಸ್ನೇಹ ಸಮ್ಮೇಳನ’. ಎಲ್ಲರ ಬಾಯಲ್ಲಿ ‘ಗ್ಯಾದರಿಂಗ್’.

ಗ್ಯಾದರಿಂಗ್ ಎಂದರೆ ಡ್ಯಾನ್ಸು. ಡ್ಯಾನ್ಸು ಎಂದರೆ ಎರಡು ಸಾಲು. ಮುಂದೆ ಒಬ್ಬಳು, ಅವಳ ಹಿಂದೆ ನಾಲ್ವರು, ಅವರ ಹಿಂದೆ ಮತ್ತೆ ಆರು ಜನ. ತಾಲೀಮು ಆರಂಭವಾದ ವಾರದೊಳಗೆ ಶಾಲೆಯ ಬಾಗಿಲಲ್ಲಿ ಒಬ್ಬರಾದರೂ ತಾಯಿ ನಿಂತಿರುತ್ತಾರೆ. “ಅಕ್ಕೋರ, ನಮ್ಮ ಹುಡುಗಿನ್ನ ಹಿಂದಿನ ಸಾಲಿನ್ಯಾಗ ಯಾಕ ನಿಲ್ಲಿಸೀರಿ? ಆಕಿ ಮುಖಾನ ಕಾಣೂದಿಲ್ಲ.” ಅಕ್ಕೋರ ಉತ್ತರವೂ ಸಿದ್ಧ: “ಆಕಿ ಎತ್ತರ ಅದಾಳಲ್ರೀ.” ತಾಯಿಗೆ ಸಮಾಧಾನವಿಲ್ಲ. ಬಟ್ಟೆಯ ಬಾಡಿಗೆ ಮುಂದಿನವಳಿಗೂ ಅಷ್ಟೇ, ಹಿಂದಿನವಳಿಗೂ ಅಷ್ಟೇ. ಹಿಂದೆ ನಿಲ್ಲುವುದೆಂದರೆ ಕಡಿಮೆಯಾಗುವುದು ಎಂಬ ಭಾವನೆ ಮನೆಯಿಂದ ಮಗುವಿನ ಮನಸ್ಸಿಗೆ ಇಳಿಯಲು ತಡವಾಗುವುದಿಲ್ಲ. ಕೆಲವು ಮಕ್ಕಳು ಮರುದಿನದಿಂದ ತಾಲೀಮಿಗೇ ಬರುವುದಿಲ್ಲ.

ಈ ಹಿಂದಿನ ಸಾಲು ಎಂದರೇನು?

ಪಶ್ಚಿಮದ ರಂಗಭೂಮಿಯಲ್ಲಿ ಇದಕ್ಕೆ ‘ಕೋರಸ್ ಲೈನ್’ ಎಂಬ ಹೆಸರಿದೆ. ನಮ್ಮ ಸಿನಿಮಾದವರು ‘ಗ್ರೂಪ್ ಡ್ಯಾನ್ಸರ್’ ಎನ್ನುತ್ತಾರೆ. ಸಂತೆಯ ದೃಶ್ಯದಲ್ಲಿ ಜನಜಂಗುಳಿಯಾಗಿ ಬಂದು ಹೋಗುವವರು ಇವರಲ್ಲ. ಅದು ಬೇರೆ ಕೆಲಸ. ಸಾಲಿನಲ್ಲಿ ಕುಣಿಯುವವನಿಗೆ ಮುಖ್ಯ ನರ್ತಕನಿಗೆ ಬರುವಷ್ಟೇ ಕುಣಿತ ಬರಬೇಕು. ಆದರೆ ಪಕ್ಕದವನ ಕೈ ಎಷ್ಟು ಎತ್ತರಕ್ಕೆ ಏರಿತೋ ಅಷ್ಟೇ ಎತ್ತರಕ್ಕೆ ಇವನ ಕೈಯೂ ಏರಬೇಕು, ಒಂದು ಅಂಗುಲ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಚೆನ್ನಾಗಿ ಕುಣಿದದ್ದಕ್ಕೆ ಹೆಸರು ಬರುವುದಿಲ್ಲ. ತಪ್ಪು ಹೆಜ್ಜೆ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ.

ಡೊಳ್ಳು ಕುಣಿತವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಹತ್ತು ಹದಿನಾರು ಜನ ಡೊಳ್ಳು ಕಟ್ಟಿಕೊಂಡು ಸುತ್ತು ಹಾಕುವಾಗ ಅವರ ಮುಂದೆ ನಾಯಕನೆಂಬವನಿಲ್ಲ, ಗುಂಪೇ ನಾಯಕ. ಕೋಲಾಟದ ಮಾತೂ ಹಾಗೆಯೇ. ಒಬ್ಬರು ಮುಂದೆ ನಿಂತಾಗ ಮಾತ್ರ ಉಳಿದವರು ‘ಹಿಂದಿನ ಸಾಲು’ ಆಗುತ್ತಾರೆ.

ಚರಿತ್ರೆ ನೋಡಿದರೆ ಮೊದಲು ಇದ್ದದ್ದು ಸಾಲು, ಆಮೇಲೆ ಬಂದವನು ನಾಯಕ. ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದಲ್ಲಿ ಡಯೊನೈಸಸ್ ದೇವರ ಹಬ್ಬದಂದು ಹಾಡುತ್ತ ಕುಣಿಯುತ್ತಿದ್ದ ಮೇಳಕ್ಕೆ ‘ಕೋರಸ್’ ಎಂದು ಹೆಸರು. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಥೆಸ್ಪಿಸ್ ಎಂಬಾತ ಆ ಮೇಳದಿಂದ ಬೇರೆಯಾಗಿ ನಿಂತು ಮಾತಾಡಿದನಂತೆ. ಅವನೇ ಮೊದಲ ನಟ ಎಂಬುದು ಪರಂಪರೆಯಿಂದ ಬಂದ ಮಾತು. ಇಂಗ್ಲಿಷಿನಲ್ಲಿ ನಟರಿಗೆ ‘ಥೆಸ್ಪಿಯನ್’ ಎಂಬ ಹೆಸರು ಬಂದದ್ದು ಹೀಗೆ.

ಕೈಗೆ ಕೈ ಸೇರಿಸಿ ಒಂದೇ ಎತ್ತರಕ್ಕೆ ಕಾಲೆತ್ತುವ ಸಾಲಿಗೆ ಶಿಸ್ತು ತಂದವನು ಜಾನ್ ಟಿಲ್ಲರ್. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದವನು. 1890ರ ದಶಕದಲ್ಲಿ ಬಾಲಕಿಯರನ್ನು ಕಲೆಹಾಕಿ ಯಂತ್ರದ ಹಾಗೆ ಕುಣಿಯುವುದನ್ನು ಕಲಿಸಿದ. ಅಮೆರಿಕದಲ್ಲಿ ಈ ಸಾಲು ಇನ್ನೂ ಉದ್ದವಾಯಿತು, ವೈಭವವೂ ಏರಿತು.

ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ ಮೂಗೂರು ಎಂಬ ಊರಿದೆ. ಆ ಊರಿನ ಹುಡುಗನೊಬ್ಬ ಮದರಾಸಿಗೆ ಹೋಗಿ ಸಿನಿಮಾ ನೃತ್ಯದ ಗುಂಪಿನಲ್ಲಿ ಒಬ್ಬನಾದ. ಮುಂದೆ ಸಹಾಯಕ, ಕೊನೆಗೆ ಡ್ಯಾನ್ಸ್ ಮಾಸ್ಟರ್. ಮೂಗೂರು ಸುಂದರಂ ಎಂದರೆ ದಕ್ಷಿಣದ ನಾಲ್ಕೂ ಭಾಷೆಗಳ ಚಿತ್ರರಂಗಕ್ಕೆ ಪರಿಚಿತ ಹೆಸರು. ತಂದೆ ಮಾಸ್ಟರ್ ಆಗಿದ್ದ ಮೇಲೆ ಮಕ್ಕಳು ನೇರವಾಗಿ ಮುಂದೆ ಬಂದು ನಿಲ್ಲಬಹುದಿತ್ತು ಎಂದು ಯಾರಿಗಾದರೂ ಅನ್ನಿಸೀತು. ನಡೆದದ್ದು ಹಾಗಲ್ಲ. ಎರಡನೆಯ ಮಗ ಪ್ರಭುದೇವ ಹುಟ್ಟಿದ್ದು 1973ರಲ್ಲಿ. ಗುರುಗಳ ಬಳಿ ಭರತನಾಟ್ಯ ಕಲಿತ. 1986ರ ‘ಮೌನರಾಗಂ’ ತಮಿಳು ಚಿತ್ರದ ಒಂದು ಹಾಡಿನಲ್ಲಿ ಕೊಳಲು ಹಿಡಿದ ಹುಡುಗನಾಗಿ ಕ್ಷಣಕಾಲ ಕಾಣಿಸಿದ. 1988ರ ‘ಅಗ್ನಿ ನಕ್ಷತ್ರಂ’ ಚಿತ್ರದಲ್ಲಿ ಕಾರ್ತಿಕ್ ಹಾಡಿ ಕುಣಿಯುವಾಗ ಜೊತೆಗೆ ಕುಣಿಯುವ ಗುಂಪಿನಲ್ಲಿದ್ದ. ಮರುವರ್ಷ, ‘ವೆಟ್ರಿ ವಿಳಾ’ ಚಿತ್ರದಲ್ಲಿ, ಹದಿನಾರರ ಹುಡುಗ ಕಮಲಹಾಸನ್ ಅವರಂಥವರಿಗೆ ಹೆಜ್ಜೆ ಹೇಳಿಕೊಟ್ಟ. 1994ರಲ್ಲಿ ‘ಕಾದಲನ್’ ಬಂದಾಗ ದೇಶದ ಹುಡುಗರೆಲ್ಲ ಅವನ ಹಾಗೆ ಮೈ ಬಳುಕಿಸಲು ಹೊರಟರು. 2019ರಲ್ಲಿ ಪದ್ಮಶ್ರೀ ಬಂತು.

ಸಾಲಿನಲ್ಲಿ ನಿಂತು ಇವರೆಲ್ಲ ಕಲಿತದ್ದಾದರೂ ಏನು? ಚಿತ್ರೀಕರಣದಲ್ಲಿ ಮಾಸ್ಟರ್ ಒಂದರಿಂದ ಎಂಟರವರೆಗೆ ಎಣಿಸುತ್ತ ಹೆಜ್ಜೆ ತೋರಿಸುತ್ತಾರೆ. ಗುಂಪಿನವರು ಕೆಲವೇ ನಿಮಿಷಗಳಲ್ಲಿ ಅದನ್ನು ಹಿಡಿಯಬೇಕು. ನಾಯಕನಿಗೆ ತಪ್ಪಿದರೆ ಮತ್ತೊಂದು ಟೇಕ್. ಗುಂಪಿನವರು ತಪ್ಪಿದರೆ ಬೈಗುಳ. ನಾಯಕನ ತಪ್ಪಿಗಾಗಿ ಇಪ್ಪತ್ತು ಸಲ ಕುಣಿಯಬೇಕಾದರೂ ಇಪ್ಪತ್ತನೆಯ ಸಲವೂ ಮೊದಲ ಸಲದಷ್ಟೇ ಹುರುಪು ಮುಖದಲ್ಲಿರಬೇಕು. ಜೊತೆಗೆ ಇನ್ನೊಂದು ಲಾಭವುಂಟು: ಮುಂದೆ ನಿಂತವನು ಎಲ್ಲಿ ತಪ್ಪುತ್ತಾನೆ, ಮಾಸ್ಟರ್ ಅದನ್ನು ಹೇಗೆ ತಿದ್ದುತ್ತಾರೆ ಎಂಬುದು ಹಿಂದೆ ನಿಂತವನಿಗೆ ಚೆನ್ನಾಗಿ ಕಾಣುತ್ತದೆ. ಮುಂದಿನವನಿಗೆ ಈ ಪಾಠ ಸಿಗುವುದಿಲ್ಲ, ಅವನ ಮುಂದೆ ಯಾರೂ ಇಲ್ಲವಲ್ಲ.

ಹಿಂದಿ ಚಿತ್ರರಂಗದ ಸರೋಜ್ ಖಾನ್ ಇದಕ್ಕೆ ಒಳ್ಳೆಯ ಸಾಕ್ಷಿ. 1950ರ ದಶಕದ ಕೊನೆಗೆ, ಇನ್ನೂ ಬಾಲಕಿಯಾಗಿದ್ದಾಗಲೇ, ಗುಂಪಿನ ನರ್ತಕಿಯಾಗಿ ದುಡಿದು, ಬಿ. ಸೋಹನಲಾಲ್ ಅವರಲ್ಲಿ ಕಲಿತು, ಅವರಿಗೆ ಸಹಾಯಕಿಯಾದವರು. ಸ್ವತಂತ್ರವಾಗಿ ನೃತ್ಯ ಸಂಯೋಜಿಸಿದ ಮೊದಲ ಚಿತ್ರ ಬಂದದ್ದು 1974ರಲ್ಲಿ. 1988ರ ‘ತೇಜಾಬ್’ ಚಿತ್ರದಲ್ಲಿ ಮಾಧುರಿ ದೀಕ್ಷಿತ್ ಕುಣಿದ ಹಾಡು ಹುಟ್ಟಿಸಿದ ಗದ್ದಲಕ್ಕೆ ಫಿಲಂಫೇರ್‌ನವರು ನೃತ್ಯ ಸಂಯೋಜನೆಗೆಂದೇ ಒಂದು ಪ್ರಶಸ್ತಿ ಆರಂಭಿಸಬೇಕಾಯಿತು. ಮೊದಲು ಪಡೆದವರು ಅವರೇ. 2020ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಮೂರು ರಾಷ್ಟ್ರಪ್ರಶಸ್ತಿಗಳು ಅವರ ಹೆಸರಿನಲ್ಲಿದ್ದವು. ಬರ್ಮಾದಿಂದ ನಿರಾಶ್ರಿತಳಾಗಿ ಬಂದ ಹೆಲೆನ್ ಕೂಡ 1951ರ ‘ಆವಾರಾ’ದಲ್ಲಿ ಗುಂಪಿನೊಳಗೊಬ್ಬಳು. ಕುಕ್ಕೂ ಎಂಬ ಹಿರಿಯ ನರ್ತಕಿ ಕೈಹಿಡಿದು ಕರೆತಂದದ್ದು. ‘ಹೌರಾ ಬ್ರಿಡ್ಜ್’ ಬಂದು ಹೆಸರಾಗಲು ಮತ್ತೆ ಏಳು ವರ್ಷ ಹಿಡಿಯಿತು.

ಇಂಥ ಹೆಸರುಗಳನ್ನು ಕೇಳಿದ ತಂದೆತಾಯಿ ಹಿಗ್ಗುವುದು ಸಹಜ. ಇಂದು ಹಿಂದೆ ನಿಂತ ಮಗಳು ನಾಳೆ ಮುಂದೆ ಬರುತ್ತಾಳೆ ಎಂದುಕೊಂಡರೆ ಮನಸ್ಸಿಗೆ ಹಿತ. ಆದರೆ ಹೇಳಬೇಕಾದ ಮಾತನ್ನು ಹೇಳಿಬಿಡಬೇಕು: ಸಾಲಿನಿಂದ ಮುಂದೆ ಬಂದವರು ಬೆರಳೆಣಿಕೆಯಷ್ಟು. ಸಾಲಿನಲ್ಲೇ ಕುಣಿದು, ಮೊಣಕಾಲು ಸೋತ ಮೇಲೆ ಬಿಟ್ಟವರೇ ಹೆಚ್ಚು. ಅವರ ಹೆಸರು ಚಿತ್ರದ ಶೀರ್ಷಿಕೆಯಲ್ಲೂ ಬರುವುದಿಲ್ಲ.

ಅವರ ಕಥೆಯನ್ನೇ ರಂಗಕ್ಕೆ ತಂದವನು ಅಮೆರಿಕದ ಮೈಕೇಲ್ ಬೆನೆಟ್. ತಾನೂ ಒಂದು ಕಾಲಕ್ಕೆ ಸಾಲಿನಲ್ಲಿ ಕುಣಿದವನು. 1974ರಲ್ಲಿ ನ್ಯೂಯಾರ್ಕಿನ ನರ್ತಕರನ್ನು ರಾತ್ರಿಯಿಡೀ ಕೂಡಿಸಿಕೊಂಡು, ಅವರ ಬದುಕನ್ನು ಅವರ ಬಾಯಿಂದಲೇ ಹೇಳಿಸಿ ಧ್ವನಿಮುದ್ರಣ ಮಾಡಿದ. ಅದರಿಂದ ಹುಟ್ಟಿದ್ದು 1975ರ ‘ಎ ಕೋರಸ್ ಲೈನ್’ ಎಂಬ ಸಂಗೀತ ನಾಟಕ. ಬ್ರಾಡ್‌ವೇಯಲ್ಲಿ 1990ರವರೆಗೆ 6,137 ಪ್ರದರ್ಶನ ಕಂಡಿತು. ಕಥೆ ಹೇಳಿದ ನರ್ತಕರು ತಲಾ ಒಂದು ಡಾಲರಿಗೆ ಅದರ ಹಕ್ಕನ್ನು ಬರೆದುಕೊಟ್ಟಿದ್ದರು. ಗಳಿಕೆಯಲ್ಲಿ ಅವರಿಗೊಂದು ಪಾಲು ಎಂದು ಗೊತ್ತಾದದ್ದು ಆಮೇಲೆ. ನಾಟಕದಲ್ಲಿ ಹದಿನೇಳು ಜನ ಎಂಟು ಸ್ಥಾನಗಳಿಗಾಗಿ ಪರೀಕ್ಷೆಗೆ ನಿಲ್ಲುತ್ತಾರೆ. ಅವರಲ್ಲಿ ಕ್ಯಾಸಿ ಎಂಬವಳು ಒಮ್ಮೆ ಸಾಲಿನಿಂದ ಮುಂದೆ ಬಂದು ಏಕವ್ಯಕ್ತಿ ನರ್ತಕಿಯಾದವಳು. ಈಗ ಕೆಲಸವಿಲ್ಲದೆ ಮತ್ತೆ ಸಾಲಿನಲ್ಲೇ ಸ್ಥಾನ ಕೊಡಿ ಎಂದು ಕೇಳಲು ಬಂದಿದ್ದಾಳೆ. ಕೊನೆಯ ದೃಶ್ಯದಲ್ಲಿ ಎಲ್ಲರೂ ಒಂದೇ ಬಗೆಯ ಬಂಗಾರದ ಬಣ್ಣದ ಉಡುಪಿನಲ್ಲಿ ಸಾಲುಗಟ್ಟಿ ಬರುತ್ತಾರೆ. ಇಷ್ಟು ಹೊತ್ತು ಒಬ್ಬೊಬ್ಬರ ಕಷ್ಟಸುಖ ಕೇಳಿ ಹೆಸರು ಹಿಡಿದು ಗುರುತಿಸುತ್ತಿದ್ದ ಪ್ರೇಕ್ಷಕನಿಗೆ ಈಗ ಯಾರು ಯಾರೆಂದು ತಿಳಿಯುವುದಿಲ್ಲ.

ಶಾಲೆಯ ರಂಗಮಂಚ ಬ್ರಾಡ್‌ವೇಯೂ ಅಲ್ಲ, ಮದರಾಸಿನ ಸ್ಟುಡಿಯೋವೂ ಅಲ್ಲ. ಅಲ್ಲಿ ಹೊಟ್ಟೆಪಾಡಿನ ಪ್ರಶ್ನೆ ಇಲ್ಲ. ಆದ್ದರಿಂದ ಅಕ್ಕೋರು ಮನಸ್ಸು ಮಾಡಿದರೆ ಪಲ್ಲವಿಗೆ ಒಂದು ಸಾಲು, ಚರಣಕ್ಕೆ ಇನ್ನೊಂದು ಸಾಲು ಮುಂದೆ ಬರುವಂತೆ ಹೆಜ್ಜೆ ಕೂಡಿಸಬಹುದು. ಹಾಗೆ ಮಾಡುವ ಶಿಕ್ಷಕಿಯರು ಇದ್ದಾರೆ. ಪ್ರತಿ ವರ್ಷವೂ ಅದೇ ಒಬ್ಬಳು ಮುಂದೆ, ಅದೂ ಊರ ಪ್ರಮುಖರ ಮನೆಯ ಮಗಳೇ ಆದರೆ, ಬಾಗಿಲಲ್ಲಿ ನಿಂತ ತಾಯಿಯ ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ಆ ತಾಯಿ ಕೇಳಬೇಕಾದ ಇನ್ನೊಂದು ಪ್ರಶ್ನೆಯೂ ಇದೆ. ಮಗಳ ಮುಖ ಕಂಡಿತೋ ಇಲ್ಲವೋ ಎಂಬುದಕ್ಕಿಂತ, ತಾಳ ತಪ್ಪದೆ ಕುಣಿದಳೇ, ಪಕ್ಕದವಳು ಮರೆತಾಗ ತಾನು ಗೊಂದಲಗೊಳ್ಳದೆ ನಿಂತಳೇ? ಆದರೆ ಮೊಬೈಲಿನಲ್ಲಿ ಚಿತ್ರ ಹಿಡಿಯುವ ಅವಸರದಲ್ಲಿರುವ ಪಾಲಕರಿಗೆ ಇದು ಕಾಣುವುದು ಕಷ್ಟ.

ಹೊಸಬರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಘಟ್ಟದ ಕೆಳಗಿನ ಯಕ್ಷಗಾನದವರು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರು. ರಾತ್ರಿಯಿಡೀ ನಡೆಯುವ ಆಟದಲ್ಲಿ ಕಥೆ ಶುರುವಾಗುವ ಮುನ್ನ ಪೂರ್ವರಂಗವೆಂಬುದೊಂದಿದೆ. ಮೊದಲು ಬರುವವರು ಕೋಡಂಗಿಗಳು. ಮೇಳ ಸೇರಿದ ಹೊಸ ಹುಡುಗರಿಗೆ ಈ ವೇಷ. ಮಾತಿಲ್ಲ, ದೊಡ್ಡ ಕಿರೀಟವಿಲ್ಲ. ಭಾಗವತರ ತಾಳಕ್ಕೆ, ಚೆಂಡೆ ಮದ್ದಳೆಯ ಪೆಟ್ಟಿಗೆ ಕಾಲು ಹೊಂದಿಸುವುದಷ್ಟೇ ಕೆಲಸ. ನೋಡುವವರೂ ಕಡಿಮೆ. ಜನ ಇನ್ನೂ ಊಟ ಮುಗಿಸಿ ಬರುತ್ತಿರುತ್ತಾರೆ, ಚಾಪೆ ಹಾಸುತ್ತಿರುತ್ತಾರೆ. ತಪ್ಪಿದರೆ ಆಕಾಶ ಬೀಳುವುದಿಲ್ಲ. ಕೋಡಂಗಿ ಎಂದರೆ ನಗೆಗೀಡಾದವನು ಎಂಬ ಅರ್ಥ ಕನ್ನಡದಲ್ಲಿ ಉಳಿದುಕೊಂಡಿದೆ, ನಿಜ. ಆದರೆ ಅಲ್ಲಿ ಕಾಲು ಪಳಗಿದವನೇ ಮುಂದೆ ಬಾಲಗೋಪಾಲನಾಗುತ್ತಿದ್ದ, ಅದಾದ ಮೇಲೆ ಪೀಠಿಕೆಯ ಸ್ತ್ರೀವೇಷ, ಅನಂತರ ಕಥೆಯೊಳಗೆ ಒಂದು ಸಣ್ಣ ಪಾತ್ರ. ಕೋಡಂಗಿ ಕುಣಿದು ಚೌಕಿಗೆ ಮರಳಿದ ಹುಡುಗ ಬೆಳಗಿನವರೆಗೆ ಹಿರಿಯರು ಬಣ್ಣ ಬರೆದುಕೊಳ್ಳುವುದನ್ನೂ ರಂಗಕ್ಕೆ ಹೋಗುವುದನ್ನೂ ನೋಡುತ್ತಿದ್ದ. ಅದೇ ಅವನ ಶಾಲೆ.

ಅಮೆರಿಕದ ಜೋಸೆಫಿನ್ ಬೇಕರ್ ಕಥೆ ಕೋಡಂಗಿಯನ್ನು ನೆನಪಿಗೆ ತರುತ್ತದೆ. 1906ರಲ್ಲಿ ಹುಟ್ಟಿದ ಈ ಕರಿಯ ಬಡ ಹುಡುಗಿಗೆ ‘ಶಫಲ್ ಅಲಾಂಗ್’ ಎಂಬ ಸಂಗೀತ ನಾಟಕದ ಸಾಲಿನಲ್ಲಿ ಸಿಕ್ಕಿದ್ದು ಕೊನೆಯ ಸ್ಥಾನ. ಅವಳು ಹೆಜ್ಜೆ ಮರೆತವಳ ಹಾಗೆ ಕಣ್ಣು ಮೆಳ್ಳೆ ಮಾಡಿ, ಕಾಲು ಸಿಕ್ಕಿಸಿಕೊಂಡು ನಗಿಸುತ್ತಿದ್ದಳು. ಕೊನೆಗೆ ಉಳಿದವರಿಗಿಂತ ಚೆನ್ನಾಗಿ ಕುಣಿದು ತೋರಿಸುತ್ತಿದ್ದಳು. 1925ರಲ್ಲಿ ಪ್ಯಾರಿಸ್ಸಿಗೆ ಹೋಗಿ ಲೋಕಪ್ರಸಿದ್ಧಳಾದಳು.

ಈಚಿನ ದಶಕಗಳಲ್ಲಿ ಯಕ್ಷಗಾನಕ್ಕೆ ಕಾಲಮಿತಿ ಬಂದಿದೆ. ಆಟ ರಾತ್ರಿಯ ಊಟದ ಹೊತ್ತಿಗೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯಬೇಕು. ನೌಕರಿಗೆ ಹೋಗುವ ಪ್ರೇಕ್ಷಕನಿಗೆ ಅದೇ ಅನುಕೂಲ. ಸಮಯ ಉಳಿಸಲು ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಅದರೊಂದಿಗೆ ಹೊಸಬರು ಜನರ ಮುಂದೆ ತಪ್ಪುತ್ತ ಕಲಿಯುವ ಆ ಒಂದೆರಡು ಗಂಟೆಯೂ ಹೋಯಿತು. ಈಗ ಆ ಕೆಲಸ ತರಬೇತಿ ಕೇಂದ್ರಗಳ ಪಾಲಿಗೆ ಬಂದಿದೆ. ಶಿವರಾಮ ಕಾರಂತರ ಮಾರ್ಗದರ್ಶನದಲ್ಲಿ ಬೆಳೆದ ಉಡುಪಿಯ ಯಕ್ಷಗಾನ ಕೇಂದ್ರ ಅಂಥದ್ದೊಂದು. ಉಡುಪಿಯಲ್ಲೇ ಯಕ್ಷಶಿಕ್ಷಣ ಟ್ರಸ್ಟಿನವರು ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಿ ಮಕ್ಕಳಿಗೆ ಹೆಜ್ಜೆ ಹೇಳಿಸುತ್ತಾರೆ. ವರ್ಷದ ಕೊನೆಗೆ ಆ ಮಕ್ಕಳೇ ಪೂರ್ಣ ವೇಷ ಕಟ್ಟಿ ರಂಗಕ್ಕೆ ಬರುತ್ತಾರೆ. ಅಲ್ಲಿ ಹುಡುಗಿಯರೂ ಕುಣಿಯುತ್ತಾರೆ. ಹಳೆಯ ಕೋಡಂಗಿ ವೇಷ ಅವರಿಗೆ ಸಿಗುತ್ತಲೇ ಇರಲಿಲ್ಲ.