ನಮ್ಮ ದ್ರಾಕ್ಷಿಗೇಕೆ ಈ ಅವಮಾನ?

ನಂದಿಬೆಟ್ಟದ ತಪ್ಪಲಿನ ವೈನ್ ತಯಾರಿಕಾ ಘಟಕವೊಂದಕ್ಕೆ ಹಳೆಯ ವಿದ್ಯಾರ್ಥಿಯೊಬ್ಬ ಕರೆದೊಯ್ದಿದ್ದ. ಈ ವಯಸ್ಸಿನಲ್ಲಿ ಮೇಷ್ಟರಿಗೇಕೆ ಇಂಥ ಚಪಲವೆಂದು ನಗದಿರಿ! ಜಜ್ಜಿದ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಉಂಡು ಮದ್ಯಸಾರವಾಗಿಸುತ್ತದೆ. ಕಪ್ಪು ದ್ರಾಕ್ಷಿಯನ್ನು ಸಿಪ್ಪೆಯೊಡನೆ ಹುದುಗಿಸಿದರೆ ಕೆಂಪು ವೈನ್, ಏಕೆಂದರೆ ಬಣ್ಣವಿರುವುದು ಸಿಪ್ಪೆಯಲ್ಲಿ. ಪಾಠ ಸೊಗಸಾಗಿಯೇ ಇತ್ತು. ಆದರೆ ರುಚಿ ನೋಡುವಾಗ, ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ 'ವೈನೇ ಅಲ್ಲ' ಎಂದು ಮಾರ್ಗದರ್ಶಕರು ಮೂಗು ಮುರಿದರು. ಏಕಲ್ಲ? 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ದ್ರಾಕ್ಷಿಯದು. ಅದರ ತೀಕ್ಷ್ಣಗಂಧ ದೋಷವಲ್ಲ, ಗುಣ. ಪರದೇಶದ ಬಳ್ಳಿಯೆನ್ನುವುದಾದರೆ ಅವರು ಹೊಗಳಿದ ಶಿರಾಜ್ ಯಾವೂರಿನದು? ಫ್ರಾನ್ಸಿನ ಅಳತೆಗೋಲಿನಿಂದಲೇ ಹೀಗಳೆದರೆ ದೇವನಹಳ್ಳಿ, ದೊಡ್ಡಬಳ್ಳಾಪುರದ ಬೆಳೆಗಾರ ಯಾವ ಬಾಯಿಂದ ಬೆಲೆ ಕೇಳಿಯಾನು? ನಾನಂತೂ ಆ ಸಿಹಿ ವೈನನ್ನೇ ಎರಡನೆಯ ಬಾರಿ ಕೇಳಿ ಹಾಕಿಸಿಕೊಂಡೆ.